ಎಡಗೈಯಲ್ಲಿ ಉಳಿದ ಗಡಿಯಾರ

ಕೊರೊನಾ ಮುಗಿದ ಮರುವರ್ಷದ ಮಾತು. ಜೇವರ್ಗಿಯಲ್ಲಿ ಗಡಿಯಾರ ರಿಪೇರಿ ಅಂಗಡಿ ಇಟ್ಟು ನನಗಾಗಲೇ ಮೂವತ್ತು ವರ್ಷ ದಾಟಿತ್ತು. ಮೊಬೈಲ್ ಬಂದ ಮೇಲೆ ರಿಪೇರಿ ಕಡಿಮೆಯಾಗಿ, ಹಳೆಯ ಚಾವಿ ಗಡಿಯಾರ ಕೊಳ್ಳುವವರಿಗೆ ಅಸಲಿ ಯಾವುದು, ನಕಲಿ ಯಾವುದು, ಎಷ್ಟು ಬೆಲೆ ಬಾಳುತ್ತದೆ ಎಂದು ಹೇಳುವುದೇ ಮುಖ್ಯ ಕೆಲಸವಾಗಿತ್ತು. ದೆವ್ವ ಭೂತ ಎಂದರೆ ನಗುವ ಮನುಷ್ಯ ನಾನು. ಆ ಮಧ್ಯಾಹ್ನ ಮಾತ್ರ ನಗು ಬರಲಿಲ್ಲ.

ಬಂದವನು ತೊಗರಿ ವ್ಯಾಪಾರಿ ಶಿವಶರಣಪ್ಪ. ಕೈಯಲ್ಲಿ ಪಟ್ಟಿಯಿಲ್ಲದ ಒಂದು ಸ್ಟೀಲ್ ಕೈಗಡಿಯಾರ. ಹಿರೋಳ್ಳಿ ಕಡೆಯ ಹಳೇ ಸಾಮಾನಿನ ವ್ಯಾಪಾರಿಯೊಬ್ಬ ತೋರಿಸಿಕೊಂಡು ಬಾ ಎಂದು ನಂಬಿ ಕೊಟ್ಟಿದ್ದನಂತೆ. ಇದೇ ತರಹದ ಗಡಿಯಾರ ಶಿವಶರಣಪ್ಪನ ತಂದೆಯ ಬಳಿ ಇತ್ತು. ತಂದೆ ತೀರಿದ ಮೇಲೆ ಅದು ಕಾಣಲಿಲ್ಲ. ನೀನೇ ಕದ್ದೆ ಎಂದು ಮುನಿದು, ನಿಂಬರ್ಗಾಕ್ಕೆ ಮದುವೆ ಮಾಡಿಕೊಟ್ಟಿದ್ದ ಅಕ್ಕ ಗುರುಬಾಯಿ ಆರು ವರ್ಷದಿಂದ ತವರಿನ ಹೊಸ್ತಿಲು ತುಳಿದಿರಲಿಲ್ಲ.

ನಿಜ ಏನೆಂದು ಅವನೇ ಹೇಳಿದ. ಅಫಜಲಪುರ ತಾಲ್ಲೂಕಿನಲ್ಲಿ, ಭೀಮಾ ದಂಡೆಯ ಅವರ ಹೊಲದಲ್ಲೇ ತಂದೆಯ ಸಮಾಧಿ. ಹೆಣವನ್ನು ಕುಣಿಯಲ್ಲಿ ಕೂರಿಸಿ, ಎಡಗೈಯಲ್ಲಿ ಇಷ್ಟಲಿಂಗ ಇಟ್ಟಾದ ಮೇಲೆ ಶಾಲು ಸರಿದು, ಮಣಿಕಟ್ಟಿನಲ್ಲಿ ಗಡಿಯಾರ ಕಂಡಿತಂತೆ. ಬಿಚ್ಚುವುದನ್ನು ಎಲ್ಲರೂ ಮರೆತಿದ್ದರು. ಲಿಂಗ ಕೂತ ಕೈಯನ್ನು ಅಲುಗಿಸುವಂತಿಲ್ಲ. ಇವನು ಬಾಯಿ ಮುಚ್ಚಿಕೊಂಡ. ಆಮೇಲೆ ಹೇಳಿದರೆ ಅಕ್ಕ ನಂಬಲಿಲ್ಲ. ಈಗ ಇದನ್ನು ಕೊಂಡು, ನಾನೇ ತೆಗೆದಿಟ್ಟಿದ್ದೆ ತಗೋ ಎಂದು ಕೊಟ್ಟು ಜಗಳ ಮುಗಿಸುವುದು ಅವನ ಲೆಕ್ಕಾಚಾರ.

"ಅಪ್ಪಂದ ಅಂತ ಅಕ್ಕ ನಂಬೂ ಹಂಗ ಅದ ಏನ್ ನೋಡ್ರಿ, ಅಷ್ಟ ಸಾಕು" ಎಂದ.

ನಾನು ಮೊದಲು ನೋಡುವುದು ಡಯಲ್. ಹಳೆಯ ಡಯಲ್‌ಗೆ ಹೊಸ ಬಣ್ಣ ಬಳಿದು ಅಕ್ಷರ ಅಚ್ಚು ಹಾಕಿಸಿದ್ದರೆ ಅದಕ್ಕೆ ರೀಡಯಲ್ ಅನ್ನುತ್ತೇವೆ. ಭೂತಗನ್ನಡಿ ಹಿಡಿದರೆ ಅಂಥ ಅಕ್ಷರದ ಅಂಚು ಹರಡಿಕೊಂಡಿರುತ್ತದೆ. ಇದರ ಅಂಚು ಸ್ವಚ್ಛವಾಗಿತ್ತು, ಮಾಸಿದ್ದೂ ಸಹಜವಾಗಿ. ಆದರೆ ಕೇಸಿನ ತಳ, ಅಂದರೆ ಚರ್ಮಕ್ಕೆ ತಾಗುವ ಮಗ್ಗುಲು, ಗುಳಿ ಬಿದ್ದು ಹೋಗಿತ್ತು. ಬೆವರಿಗೆ ಹಾಗಾಗುವುದುಂಟು, ಇಷ್ಟು ಆಳಕ್ಕೆ ನಾನು ಕಂಡಿರಲಿಲ್ಲ. ಚಾವಿ ತಿರುವುವ ಗುಂಡಿಗೆ ಕ್ರೌನ್ ಅನ್ನುತ್ತೇವೆ. ಅದು ತುಕ್ಕು ಹಿಡಿದು ಅಲುಗುತ್ತಲೇ ಇರಲಿಲ್ಲ. ಸಾಲದ್ದಕ್ಕೆ ಬೇರೆ ಗಡಿಯಾರದ್ದು, ಅಳತೆಗಿಂತ ದಪ್ಪ. ಇದರಿಂದ ಬೆಲೆ ಅರ್ಧಕ್ಕರ್ಧ ಬೀಳುತ್ತದೆ ಎನ್ನಹೊರಟವನು ಮತ್ತೆ ಭೂತಗನ್ನಡಿ ಹಿಡಿದು ನೋಡಿದೆ. ಆ ಕ್ರೌನ್ ಹಾಕಿದವನು ನಾನೇ. ಬೆರಳು ಸೆಟೆದ ಮುದುಕರೊಬ್ಬರು ಸಣ್ಣ ಗುಂಡಿ ಹಿಡಿಯಲಾಗದೆಂದು ಬಂದಾಗ, ಜೇಬುಗಡಿಯಾರದ ಕ್ರೌನ್ ತಿದ್ದಿ ಕೂರಿಸಿದ್ದೆ. ಮುದುಕರ ಹೆಸರು ಮರೆತಿತ್ತು, ಕೈ ನೆನಪಿತ್ತು. ನಿಮ್ಮ ತಂದೆಯ ಬೆರಳು ಸೆಟೆದಿದ್ದವೇ ಎಂದು ಕೇಳಿದೆ. ಹೌದು ಎಂದ.

ಹಿಂದಿನ ಮುಚ್ಚಳ ತೆಗೆದೆ. ಒಳಗೆಲ್ಲ ನುಣುಪಾದ ಬಿಳಿ ಪುಡಿ. ಬೆರಳಿಗೆ ಹತ್ತಿಸಿ ಮೂಸಿದರೆ ವಿಭೂತಿ. ಅಂಚಿನಲ್ಲಿ ಉಪ್ಪಿನ ಹರಳು. ನಮ್ಮಲ್ಲಿ ಕುಣಿಯೊಳಗೆ ಹೆಣದ ಸುತ್ತ ತುಂಬುವುದು ಇವೆರಡನ್ನೇ. ಬ್ಯಾಲೆನ್ಸ್ ಚಕ್ರ, ಅಂದರೆ ಟಿಕ್ ಟಿಕ್ ಎಂದು ಅತ್ತಿತ್ತ ಆಡುವ ಚಕ್ರಕ್ಕೆ ಒಂದು ಹರಳು ಸಿಕ್ಕಿತ್ತು. ಚಿಮಟಿಗೆಯಿಂದ ಕಿತ್ತೆ. ಗಡಿಯಾರ ಓಡತೊಡಗಿತು.

ಸ್ಪ್ರಿಂಗಿನಲ್ಲಿ ಹಳೆಯ ಬಿಗಿ ಉಳಿದಿತ್ತು, ಬೇರೇನಿಲ್ಲ ಎಂದು ವಿವರಿಸತೊಡಗಿದೆ. ವಿವರಿಸುತ್ತಲೇ ಆ ಬಿಗಿ ಯಾರ ಬೆರಳಿನದು ಎಂದು ಹೊಳೆಯಿತು.

"ಅವತ್ತ ಮುಂಜಾನಿನೂ ಅಪ್ಪ ಚಾವಿ ಕೊಟ್ಟಿದ್ದ" ಎಂದ ಶಿವಶರಣಪ್ಪ. ಒಂದಿಷ್ಟು ಹೊತ್ತು ಓಡಿ ಅದು ತಾನಾಗಿ ನಿಂತಿತು.

ಹೊಲವನ್ನು ಪಾಲಿಗೆ ಮಾಡುತ್ತಿದ್ದವನಿಗೆ ಅಲ್ಲಿಂದಲೇ ಫೋನ್ ಹಚ್ಚಿದ. ಹಿಂದಿನ ಮಳೆಗಾಲ ದಂಡೆ ಕುಸಿದಾಗ ಸಮಾಧಿಯೂ ಹೊಳೆಪಾಲಾಗಿತ್ತಂತೆ. ಹೇಳುವ ಧೈರ್ಯ ಅವನಿಗೆ ಬಂದಿರಲಿಲ್ಲ. ಮರಳು ತೆಗೆಯುವವರ ಬುಟ್ಟಿಯಲ್ಲಿ ಗಡಿಯಾರವೊಂದು ಸಿಕ್ಕು ಹಳೇ ಸಾಮಾನಿನವನ ಕೈ ಸೇರಿದ ಸುದ್ದಿಯೂ ಅವನ ಕಿವಿಗೆ ಬಿದ್ದಿತ್ತು. ದಪ್ಪ ಕ್ರೌನಿನ ಸಂದಿಯಿಂದ ಕುಣಿಯಲ್ಲಿ ಪುಡಿ ಒಳಗಿಳಿದಿತ್ತು, ಆಮೇಲೆ ತುಕ್ಕು ಅದೇ ಸಂದಿ ಮುಚ್ಚಿ ಹೊಳೆನೀರನ್ನು ತಡೆದಿತ್ತು.

ನಾನೇ ನಿಂಬರ್ಗಾಕ್ಕೆ ಬಂದು ನಿಮ್ಮ ಅಕ್ಕನೆದುರು ಸಾಕ್ಷಿ ಹೇಳುತ್ತೇನೆ, ನಿಮ್ಮ ಮೇಲಿನ ಕಳಂಕ ಹೋಗಲಿ ಎಂದೆ. ಅವನು ಬೇಡವೆಂದು ತಲೆಯಾಡಿಸಿದ.

"ಅಪ್ಪ ಹೊಳಿಪಾಲಾದ ಅಂತ ಹೆಂಗ ಹೇಳ್ಲಿ ಅಣ್ಣಾರ? ತಮ್ಮ ಕಳ್ಳ ಅನ್ನೂದು ಆಕಿ ಆರು ವರ್ಷ ತಡಕೊಂಡಾಳ. ಇದನ್ನ ತಡಕೊಳ್ಳಾಂಗಿಲ್ಲ. ಒಳಗಿಂದು ಒರಸಿ ಕೊಡ್ರಿ."

ನನಗೆ ಸಿಟ್ಟೇ ಬಂತು. ನಿರಪರಾಧಿ ಎನ್ನುವುದಕ್ಕೆ ಅವನ ಬಳಿ ಇದ್ದ ಪುರಾವೆ ಆ ಪುಡಿಯೊಂದೇ. ಆದರೂ ಬ್ರಷ್ ಹಿಡಿದು ಕಾಗದದ ಮೇಲೆ ಉದುರಿಸಿದೆ. ಅವನು ಆ ಪುಡಿಯನ್ನು ಪೊಟ್ಟಣ ಕಟ್ಟಿ, ಎರಡೂ ಕೈಯಲ್ಲಿ ಹಿಡಿದುಕೊಂಡು ಹೋದ.

ಕೆಲವು ತಿಂಗಳ ಮೇಲೆ ಹೆಂಗಸೊಬ್ಬರು ಅದೇ ಗಡಿಯಾರಕ್ಕೆ ಪಟ್ಟಿ ಹಾಕಿಸಲು ಬಂದರು. ಗುರುಬಾಯಿ. ತಮ್ಮನು ತಪ್ಪೊಪ್ಪಿಕೊಂಡು ಕಾಲು ಹಿಡಿದನೆಂದೂ, ಈಗ ಹೋಗಿ ಬರುವುದು ಶುರುವಾಗಿದೆ ಎಂದೂ ಹೇಳಿದರು. ಇದು ಅಪ್ಪನದೇ ಹೌದೇ ಎಂದು ಕೇಳಿದರು. ಹೌದು ಎಂದೆ. ಅದಕ್ಕೆ ನನ್ನ ಮನಸ್ಸು ಅಳುಕಲಿಲ್ಲ. ಅವರು ಗಡಿಯಾರವನ್ನು ಮೂಗಿನ ಹತ್ತಿರ ಹಿಡಿದರು.

"ಇನ್ನೂ ಇಭೂತಿ ವಾಸನಿ ಅದ ನೋಡ್ರಿ. ಅಪ್ಪ ಇಭೂತಿ ಹಚ್ಕೊಂಡ ಕೈಲೇ ಕಟ್ಕೊಳ್ತಿದ್ದ. ಕದ್ರೂ ಒರಸದಂಗ ಜ್ವಾಕಿ ಇಟ್ಟಾನ ನಮ್ಮ ತಮ್ಮ."

ಗಡಿಯಾರ ಹೇಳುವುದನ್ನೆಲ್ಲ ಕೇಳಿಸಿಕೊಳ್ಳಬೇಕು, ಕೊಳ್ಳುವವನು ಕೇಳಿದ್ದಕ್ಕೆ ಮಾತ್ರ ಉತ್ತರಿಸಬೇಕು. ಮೂವತ್ತು ವರ್ಷ ದಾಟಿದ ಮೇಲೆ ಕಸುಬು ನನಗೆ ಕಲಿಸಿದ್ದು ಇದನ್ನು. ಹೌದ್ರಿ ಅಕ್ಕಾರ, ಭಾಳ ಜ್ವಾಕಿ ಇಟ್ಟಾರ ಎಂದು ಪಟ್ಟಿ ಬಿಗಿದು ಕೊಟ್ಟೆ.