ಹೊಸಬರಿಗೆ ಹಲ್ಲಿನ ಮಾಮ ಹಂಚಿದ ಪಾಪಗಳು

ನಮ್ಮ ಕ್ರೈಸ್ತ ಸಭೆ ಭಾನುವಾರ ಸೇರುವುದು ಪೈಪು, ನಲ್ಲಿ ಮಾರುವ ಅಂಗಡಿಯ ಮೇಲಂತಸ್ತಿನಲ್ಲಿ. ಮೆಟ್ಟಿಲು ಎಷ್ಟು ಕಡಿದೆಂದರೆ, ಮೊದಲ ಸಲ ಹತ್ತಿದವರು ಅರ್ಧದಲ್ಲೇ ಸ್ವರ್ಗ ಬಂತೆಂದು ತಿಳಿದು ಚಪ್ಪಲಿ ಬಿಟ್ಟದ್ದುಂಟು. ಮೇಲೆ ಬಾಗಿಲಲ್ಲಿ ಹಲ್ಲಿನ ಮಾಮ ನಿಂತಿರುತ್ತಾರೆ. ಬಂದವರ ಕೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದು ನಕ್ಕರೆ ಮೂವತ್ತೆರಡೂ ಕಾಣುತ್ತವೆ. ಎಲ್ಲವೂ ಅವರೇ ಮಾಡಿಕೊಂಡವು. ಜಾಗ ಮಿಕ್ಕಿತೆಂದು ಇನ್ನೆರಡನ್ನು ಹೆಚ್ಚಿಗೆ ಸೇರಿಸಿಕೊಂಡಿದ್ದಾರೆಂದು ನನ್ನ ಅನುಮಾನ.

ಹಲ್ಲಿನ ಸೆಟ್ ಮಾಡುವುದು ಅವರ ಕಸುಬು. ದಂತವೈದ್ಯರೊಬ್ಬರ ಕ್ಲಿನಿಕ್ಕಿನಲ್ಲಿ ಕಸ ಗುಡಿಸಲು ಸೇರಿ, ಮೇಣದಲ್ಲಿ ಒಸಡು ತಿದ್ದುವುದನ್ನು ನೋಡಿ ನೋಡಿಯೇ ಕಲಿತು, ಹದಿನೈದು ವರ್ಷಕ್ಕೆ ಅದೇ ಕ್ಲಿನಿಕ್ಕಿನ ಹಿಂದಿನ ಕೋಣೆಯಲ್ಲಿ ಸ್ವಂತ ಮೇಜು ಹಾಕಿಕೊಂಡವರು. ಡಾಕ್ಟರು ಕಳಿಸಿದ ಅಚ್ಚಿನಲ್ಲಿ ಒಂದೇ ಒಂದು ಹಲ್ಲಿನ ಗುರುತಿದ್ದರೂ ಸಾಕು, ಉಳಿದ ಬಾಯಿಯನ್ನೆಲ್ಲ ಊಹೆಯಲ್ಲೇ ಕಟ್ಟಿಬಿಡುತ್ತಾರೆ. ಹಾಕಿಕೊಂಡವರು ಯಾರೂ ಇದುವರೆಗೆ ದೂರಿಲ್ಲ. ದೂರಲು ಬಾಯಿ ತೆರೆದರೆ ಸೆಟ್ಟು ಕೆಳಗೆ ಬೀಳುವ ಹೆದರಿಕೆ.

ಸಭೆಯಲ್ಲಿ ಅವರ ಸೇವೆ ಹೊಸಬರನ್ನು ಪರಿಚಯ ಮಾಡಿಸುವುದು. ಒಳಗೆ ಮೊದಲ ಎರಡು ಹಾಡು ನಡೆಯುವಷ್ಟು ಹೊತ್ತಿನಲ್ಲಿ ಮಾಮ ಬಾಗಿಲಲ್ಲೇ ಬಂದವರ ಕಥೆ ಕೇಳಿಕೊಳ್ಳಬೇಕು. ಪ್ರಕಟಣೆಯ ವೇಳೆಗೆ ಹೊಸಬರು ಎದ್ದು ನಿಲ್ಲುತ್ತಾರೆ. ಅವರು ಯಾರು, ದೇವರು ಅವರನ್ನು ಎಂಥ ಕೆಸರಿನಿಂದ ಎತ್ತಿ ತಂದ ಎಂಬುದನ್ನು ಮಾಮ ಮೈಕಿನಲ್ಲಿ ಹೇಳುತ್ತಾರೆ. ಹೊಸಬರ ಕೈಗೆ ಮೈಕು ಕೊಡುವ ಪದ್ಧತಿಯಿಲ್ಲ. ಅವರು ನಕ್ಕು ಕೈಮುಗಿದರೆ ಮುಗಿಯಿತು. ಒಂದು ಪೆನ್ನು, ಒಂದು ಕರಪತ್ರ ಸಿಗುತ್ತದೆ.

ಬಂದವರ ಪಾಪ ಸಣ್ಣದಿದ್ದರೆ ಮಾಮನಿಗೆ ನಿಜಕ್ಕೂ ಸಂಕಟ. ಅಷ್ಟು ಸಣ್ಣದನ್ನು ಕ್ಷಮಿಸಿದರೆ ದೇವರಿಗೆ ಏನು ಹೆಸರು ಬಂದೀತು? ಹಾಗಾಗಿ ವಾರಕ್ಕೊಂದು ಬೀಡಿ ಸೇದುವವನು ಮೈಕಿಗೆ ಬರುವಷ್ಟರಲ್ಲಿ ಹಾಸಿಗೆಗೆ ಮೂರು ಸಲ ಬೆಂಕಿ ಹಚ್ಚಿದವನಾಗುತ್ತಿದ್ದ. ತಮ್ಮನ ಜೊತೆ ಮಾತು ಬಿಟ್ಟಿದ್ದ ಮೇಸ್ತ್ರಿಯೊಬ್ಬ, ಕೊಡಲಿ ಹಿಡಿದು ಆ ತಮ್ಮನನ್ನು ಮೂರು ಊರು ಅಟ್ಟಿಸಿಕೊಂಡು ಹೋದವನಾದ. ಆ ಕೊಡಲಿಯ ಪುಣ್ಯದಿಂದಲೇ ಈಗ ಸಭೆಯ ಹಿರಿಯನಾಗಿದ್ದಾನೆ. ಸ್ವಂತ ಹೆಂಡತಿಯನ್ನೂ ಮಾಮ ಬಿಟ್ಟವರಲ್ಲ. ನಾವೆಲ್ಲ ಅತ್ತೆ ಎಂದು ಕರೆಯುವ ಅವರಿಗೆ ಇದ್ದದ್ದು ಅರೆತಲೆನೋವು. ಮದುವೆಯಾದ ಮೊದಲ ಭಾನುವಾರವೇ ಅದು ಏಳು ದೆವ್ವವಾಯಿತು. ಅಂದಿನಿಂದ ಅತ್ತೆ ಕೊನೆಯ ಸಾಲು ಬಿಟ್ಟು ಮುಂದೆ ಬಂದಿಲ್ಲ, ಸಭೆಯೊಳಗೆ ಗಂಡನನ್ನು ಮಾತಾಡಿಸಿಲ್ಲ. ಏಳನೆಯದು ಇನ್ನೂ ಒಳಗೇ ಉಳಿದಿರಬೇಕೆಂದು ಜನ ಅವರ ಪಕ್ಕದ ಕುರ್ಚಿ ಖಾಲಿ ಬಿಡುತ್ತಾರೆ.

ಅತ್ತೆಯನ್ನು ಬಿಟ್ಟರೆ ಬೇರೆ ಯಾರೂ ಮುಖ ಸಿಂಡರಿಸಲಿಲ್ಲ. ಪಾಪ ದೊಡ್ಡದಾದಷ್ಟೂ ಕುರ್ಚಿ ಮುಂದಕ್ಕೆ ಸರಿಯುತ್ತದೆಂದು ಬಂದವರಿಗೆ ಬೇಗ ತಿಳಿಯುತ್ತಿತ್ತು.

ಒಂದು ಭಾನುವಾರ ಶಾಲಾ ವ್ಯಾನಿನ ಡ್ರೈವರ್ ಬಂದ. ಇಸ್ತ್ರಿ ಮಾಡಿದ ಅಂಗಿ, ಎಣ್ಣೆ ಹಚ್ಚಿ ಬಾಚಿದ ತಲೆ, ಜೊತೆಗೆ ಹೆಂಡತಿ. ಅವನ ಶಾಲೆಯ ದೊಡ್ಡ ಟೀಚರು ನಮ್ಮ ಸಭೆಯ ಮೂರನೆಯ ಸಾಲಿನವರು, ಅವರೇ ಬರಹೇಳಿದ್ದರು. ಹನ್ನೊಂದು ವರ್ಷದಿಂದ ಅವನು ಅದೇ ವ್ಯಾನು ಓಡಿಸುತ್ತಿದ್ದ. ಗಾಡಿ ಓಡಿಸುವುದು ಬಿಟ್ಟರೆ ಅವನಿಗೆ ಬೇರೆ ಕೆಲಸ ಗೊತ್ತಿರಲಿಲ್ಲ, ಬೇಕೆಂದೂ ಅನ್ನಿಸಿರಲಿಲ್ಲ.

ಮಾಮ ಅವನ ಹಲ್ಲು ನೋಡಿದರು. ಬೆಳ್ಳಗಿದ್ದವು. ಮಾಮನ ಮುಖ ಬಾಡಿತು. ಕುಡಿತ ಉಂಟೇ ಎಂದು ಕೇಳಿದರು, ಇಲ್ಲ. ಬೀಡಿ, ಸಿಗರೇಟು? ಇಲ್ಲ. ಹೆಂಡತಿಗೆ ಹೊಡೆತ? ಪಕ್ಕದಲ್ಲಿದ್ದ ಹೆಂಡತಿ, ನಮ್ಮ ಮನೆಯಲ್ಲಿ ಹೊಡೆಯುವುದಿದ್ದರೆ ನಾನೇ ಎಂದಳು. ಎರಡನೆಯ ಹಾಡು ಮುಗಿಯುತ್ತ ಬಂದಿತ್ತು. ಮಾಮ ಬಿಡಲಿಲ್ಲ. ಕೊನೆಗೆ ಡ್ರೈವರ್ ಎರಡು ಸಂಗತಿ ಹೇಳಿದ. ಅವನ ಅಪ್ಪ ಕುಡಿಯುತ್ತಿದ್ದ. ಮತ್ತೆ, ಒಂದು ಮಧ್ಯಾಹ್ನ ಶಾಲೆ ಬಿಡುವುದನ್ನು ಕಾಯುತ್ತ, ನಿಂತ ವ್ಯಾನಿನಲ್ಲಿ ಅವನಿಗೆ ಜೊಂಪು ಹತ್ತಿತ್ತು; ಮಕ್ಕಳು ಬಂದು ಗಾಜು ಬಡಿದಾಗಲೇ ಎಚ್ಚರವಾದದ್ದು. ಅದು ಇವತ್ತಿಗೂ ಮನಸ್ಸನ್ನು ಚುಚ್ಚುತ್ತದೆ ಎಂದ.

ಇಷ್ಟು ಸಿಕ್ಕರೆ ಮಾಮನಿಗೆ ಬೇಕಾದಷ್ಟಾಯಿತು.

ಬೆಳಗ್ಗೆ ಬಾಟಲಿಯಲ್ಲೇ ಮುಖ ತೊಳೆಯುತ್ತಿದ್ದ ಈ ಸಹೋದರ, ಎಂದು ಮೈಕಿನಲ್ಲಿ ಶುರುವಾಯಿತು. ಒಂದು ಮಧ್ಯಾಹ್ನ ಇಪ್ಪತ್ತೆರಡು ಮಕ್ಕಳನ್ನು ತುಂಬಿಕೊಂಡು, ಅಮಲಿನಲ್ಲಿ ಸ್ಟಿಯರಿಂಗಿನ ಮೇಲೆ ತಲೆಯಿಟ್ಟು ಮಲಗಿಬಿಟ್ಟ. ವ್ಯಾನು ಕಾಲುವೆಯತ್ತ ಓಡಿತು. ನೀರು ಎರಡು ಬೆರಳು ದೂರವಿರುವಾಗ ಬ್ರೇಕು ಬಿತ್ತು. ಒತ್ತಿದ ಕಾಲು ಯಾರದು? ಸಭೆ ಉತ್ತರವನ್ನು ಎಷ್ಟು ಜೋರಾಗಿ ಕೂಗಿತೆಂದರೆ ಕೆಳಗಿನ ಅಂಗಡಿಯಲ್ಲಿ ಹೊಸ ನಲ್ಲಿಗಳು ತಾವಾಗಿ ತಿರುಗಿದವಂತೆ.

ಇದು ತನ್ನದೇ ಕಥೆಯೆಂದು ಡ್ರೈವರ್‌ಗೆ ಗೊತ್ತಾಗುವುದಕ್ಕೇ ಸ್ವಲ್ಪ ಹೊತ್ತು ಹಿಡಿಯಿತು. ಅಷ್ಟರಲ್ಲಿ ಎಲ್ಲರೂ ಅವನತ್ತ ತಿರುಗಿದ್ದರು. ಬಾಗಿಲಲ್ಲಿ ಹೇಳಿಕೊಟ್ಟಂತೆ ನಕ್ಕು ಕೈಮುಗಿದ. ಮೂರನೆಯ ಸಾಲಿನಲ್ಲಿ ದೊಡ್ಡ ಟೀಚರು ಮಾತ್ರ ಕೂಗಲಿಲ್ಲ. ಕೈಚೀಲವನ್ನು ಎದೆಗೆ ಒತ್ತಿ ಹಿಡಿದು ಕೂತಿದ್ದರು.

ಸೋಮವಾರ ಬೆಳಗ್ಗೆ ಅವರು ಅವನನ್ನು ತಮ್ಮ ಕೋಣೆಗೆ ಕರೆಸಿದರು. ತಾನು ಕುಡಿದವನೇ ಅಲ್ಲ ಎಂದು ಅವನು ಹೇಳಿದ. ನಿನ್ನೆ ಅಷ್ಟು ಜನರ ಮುಂದೆ ಕೈಮುಗಿದು ಒಪ್ಪಿಕೊಂಡದ್ದನ್ನು ಇವತ್ತು ಇಲ್ಲವೆಂದರೆ ಅದು ಇನ್ನೊಂದು ಪಾಪ ಎಂದು ಅವರು ತಿಳಿಹೇಳಿದರು.

"ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ. ದೇವರು ಕ್ಷಮಿಸಿದಾರೆ, ನಾನೂ ಕ್ಷಮಿಸಿದೀನಿ. ಕೀ ಕೊಟ್ಟು ಹೋಗಿ."

ಅವನು ನೇರವಾಗಿ ಮಾಮನ ಕೋಣೆಗೆ ಬಂದ. ಮಾಮ ಯಾರದೋ ಕೆಳದವಡೆಯ ಮೇಣವನ್ನು ಬಿಸಿ ಚಾಕುವಿನಿಂದ ತಿದ್ದುತ್ತಿದ್ದರು.

"ಒಂದೇ ಒಂದು ಮಾತು ಮೈಕಲ್ಲಿ ಹೇಳಿಬಿಡಿ ಮಾಮ, ಅದು ಸುಳ್ಳು ಅಂತ. ಟೀಚರು ನಿಮ್ಮ ಮಾತು ಕೇಳ್ತಾರೆ."

"ಸುಳ್ಳು ಎಲ್ಲಿ ಬಂತು ಬ್ರದರ್? ನಿಮ್ಮಪ್ಪ ಕುಡೀತಿದ್ರಾ ಇಲ್ವಾ?"

"ಕುಡೀತಿದ್ರು."

"ನೀವು ನಿದ್ದೆ ಮಾಡಿದ್ರಾ ಇಲ್ವಾ? ಗಾಡಿ ಇತ್ತಲ್ಲ? ಮಕ್ಕಳು ಇದ್ರಲ್ಲ? ಮತ್ತೇನು, ಎಲ್ಲ ನಿಮ್ಮದೇ ಸಾಮಾನು. ನಾನು ಜೋಡಿಸಿದೆ ಅಷ್ಟೇ."

ಕಾಲುವೆ ಯಾರದು ಎಂದು ಡ್ರೈವರ್ ಕೇಳಿದ. ಅದು ಸಭೆಯ ಪರವಾಗಿ ತಮ್ಮ ಕಾಣಿಕೆ ಎಂದರು ಮಾಮ. ಆದರೂ ಅವನ ಕಣ್ಣಲ್ಲಿ ನೀರು ಕಂಡು ಅವರಿಗೂ ಮರುಕವಾಯಿತು. ಮುಂದಿನ ಭಾನುವಾರ ಏನಾದರೂ ಮಾಡುತ್ತೇನೆ ಎಂದು ಮಾತು ಕೊಟ್ಟರು.

ಮಾಡಿದರು. ಆದರೆ ಕಾಲುವೆಯೊಂದನ್ನು ಹಿಂದಕ್ಕೆ ತೆಗೆದರೆ ಕೊಡಲಿಯನ್ನೂ ತೆಗೆಯಬೇಕು, ಏಳು ದೆವ್ವಗಳನ್ನೂ ವಾಪಸು ಕಳಿಸಬೇಕು. ಇಪ್ಪತ್ತು ವರ್ಷದಲ್ಲಿ ಕಟ್ಟಿದ ಅರ್ಧ ಸಭೆ ಎದ್ದು ಹೋದೀತು. ಆದ್ದರಿಂದ ಮಾಮ ಮೈಕು ಹಿಡಿದು, ಕುಡಿತ ಬಿಟ್ಟ ಈ ಸಹೋದರನ ಮೇಲೆ ಸೈತಾನನು ಸೇಡು ತೀರಿಸಿಕೊಳ್ಳಲು ಕೆಲಸ ಕಿತ್ತುಕೊಂಡಿದ್ದಾನೆ, ಎಲ್ಲರೂ ಬಂದು ಇವನ ಮೇಲೆ ಕೈಯಿಟ್ಟು ಪ್ರಾರ್ಥಿಸಿ ಎಂದರು. ನಲವತ್ತು ಕೈ ಅವನ ತಲೆ, ಹೆಗಲು, ಬೆನ್ನಿನ ಮೇಲೆ ಬಂದವು. ಅದರಲ್ಲಿ ಒಂದು ದೊಡ್ಡ ಟೀಚರದು. ಸೈತಾನ ಯಾರೆಂದು ಅವರಿಗೆ ಹೊಳೆಯಲೇ ಇಲ್ಲ. ಎಲ್ಲರಿಗಿಂತ ಹೆಚ್ಚು ಅತ್ತವರು ಅವರು. ಕೀ ಮಾತ್ರ ಅವರ ಕೈಚೀಲದಲ್ಲೇ ಉಳಿಯಿತು.

ಆಮೇಲೆ ಪಾಸ್ಟರ್ ಒಂದು ದಾರಿ ತೋರಿಸಿದರು. ವಯಸ್ಸಾದವರನ್ನು ಕರೆತರಲು ಸಭೆಗೆ ಒಂದು ಗಾಡಿ ಬರುವುದರಲ್ಲಿತ್ತು, ಅದಕ್ಕೆ ಡ್ರೈವರ್ ಬೇಕಿತ್ತು. ಆದರೆ ಆ ಕಾಲುವೆಯ ಸಂಗತಿಯನ್ನು ಇವನೇ ತನ್ನ ಬಾಯಿಂದ ಸಾಕ್ಷಿ ಹೇಳಿದರೆ ಸಭೆಯ ಹಿರಿಯರ ಮನಸ್ಸಿಗೆ ಸಮಾಧಾನವಾಗುತ್ತದೆ ಎಂದರು. ಡ್ರೈವರ್ ಮನೆಗೆ ಹೋಗಿ ಹೆಂಡತಿಯನ್ನು ಕೇಳಿದ.

"ಹೇಳಿದ್ರೆ ಸುಳ್ಳುಗಾರ, ಹೇಳದಿದ್ರೆ ಕೆಲಸ ಇಲ್ಲ," ಅಂದಳಂತೆ. "ನಾಳೆ ಮಗಳು ದೊಡ್ಡವಳಾಗಿ ಅಪ್ಪ ಎಷ್ಟು ವರ್ಷ ಕುಡೀತಿದ್ರು ಅಂತ ಕೇಳಿದ್ರೆ ನಾನು ಯಾವ ಲೆಕ್ಕ ಹೇಳ್ಲಿ?"

ಆದರೂ ಅವನು ಒಪ್ಪಿದ. ಮಾಮ ಮೂರು ಸಂಜೆ ಕೂರಿಸಿಕೊಂಡು ಕಲಿಸಿದರು. ಒಂದು ಗುಟುಕೂ ಕುಡಿಯದವನಿಗೆ ಕೈ ನಡುಗಿಸುವುದು, ನಾಲಿಗೆ ತೊದಲಿಸುವುದು, ಕಾಲುವೆ ಬಂದಾಗ ದನಿ ಒಡೆಯುವುದು ಎಲ್ಲ ಸುಲಭವಾಗಿ ಬರುತ್ತದೆಯೇ? ಅವನು ಹೇಳಿ ನೋಡಿದ ಒಂದೊಂದು ಸಲವೂ ವ್ಯಾನು ಕಾಲುವೆ ದಾಟಿ ಆಚೆ ಹೊಲದಲ್ಲಿ ನಿಲ್ಲುತ್ತಿತ್ತು. ಭಾನುವಾರ ಮಾತ್ರ ಅಪ್ಪನನ್ನು ನೆನೆದು ಹೇಳಿದನೋ ಏನೋ, ಎಷ್ಟು ಚೆನ್ನಾಗಿ ಹೇಳಿದನೆಂದರೆ ಕೊಡಲಿಯ ಮೇಸ್ತ್ರಿಗೇ ಹೊಟ್ಟೆಕಿಚ್ಚಾಯಿತು. ಡ್ರೈವರ್‌ನ ಹೆಂಡತಿ ಮಗಳ ಎರಡೂ ಕಿವಿಯನ್ನು ಅಂಗೈಯಿಂದ ಮುಚ್ಚಿ ಹಿಡಿದಿದ್ದಳು.

ಹಿರಿಯರು ಆ ಸಂಜೆಯೇ ಸಭೆ ಸೇರಿದರು. ಸಾಕ್ಷಿ ಎಲ್ಲರ ಮನಸ್ಸನ್ನೂ ಕರಗಿಸಿತ್ತು. ಆದರೆ ಮೇಸ್ತ್ರಿ ಎದ್ದು ನಿಂತು, ಇಷ್ಟು ಕುಡಿದೆನೆಂದು ತಾನೇ ಅತ್ತು ಒಪ್ಪಿಕೊಂಡವನ ಕೈಗೆ ಮುದುಕರನ್ನು ಹೇಗೆ ಒಪ್ಪಿಸುವುದು ಎಂದು ಕೇಳಿದ. ಎರಡು ವರ್ಷ ನಡತೆ ನೋಡಿ ಆಮೇಲೆ ಯೋಚಿಸೋಣ ಎಂದು ತೀರ್ಮಾನವಾಯಿತು. ಮಾಮನೂ ಕೈಯೆತ್ತಿದರು. ಮಾಮನಿಗೂ ಮೊಣಕಾಲು ನೋವು, ಅವರೂ ಆ ಗಾಡಿಯಲ್ಲೇ ಬರಬೇಕಿತ್ತು.

ಡ್ರೈವರ್ ಮತ್ತೆ ಮೆಟ್ಟಿಲು ಹತ್ತಲಿಲ್ಲ. ಮೂರು ಭಾನುವಾರ ಕಾದು ಮಾಮ ಮೈಕಿನಲ್ಲಿ, ಒಬ್ಬ ಸಹೋದರ ಹಿಂಜಾರಿದ್ದಾನೆ, ಹಳೆಯ ಬಾಟಲಿ ಮತ್ತೆ ಕರೆದಿರಬೇಕು ಎಂದರು. ನಾವೆಲ್ಲ ಆಮೆನ್ ಎಂದೆವು.

ಹಿಂಜಾರಿದವರನ್ನು ಹುಡುಕಿ ಮಾತಾಡಿಸುವುದೂ ಮಾಮನ ಸೇವೆಯೇ. ನನ್ನನ್ನೂ ಎಳೆದುಕೊಂಡು ಹೋದರು. ಡ್ರೈವರ್ ಗಾಡಿ ತೊಳೆಯುವ ಒಂದು ಸರ್ವಿಸ್ ಸ್ಟೇಷನ್ನಿನಲ್ಲಿ ಸಿಕ್ಕಿದ. ಮೊಣಕಾಲವರೆಗೆ ಒದ್ದೆ, ಕೈಯಲ್ಲಿ ನೀರಿನ ಪೈಪು, ಗಲ್ಲದ ಮೂಳೆ ಎದ್ದು ಕಾಣುತ್ತಿತ್ತು. ಭಾನುವಾರ ಬನ್ನಿ ಬ್ರದರ್ ಎಂದು ಮಾಮ ಕರೆದರು.

"ಬರ್ತೀನಿ ಮಾಮ," ಅಂದ. "ಈ ಸಲ ನಾನು ಏನು ಮಾಡಿರ್ತೀನಿ ಅಂತ ಮೊದಲೇ ಹೇಳಿಬಿಡಿ, ಮನೇಲಿ ತಿಳಿಸಿ ಬರ್ತೀನಿ."

ಮಾಮ ಅವನ ಹೆಗಲು ತಟ್ಟಿ ನಕ್ಕರು. ಅಷ್ಟರಲ್ಲಿ ಅವನು ತೊಳೆದ ವ್ಯಾನನ್ನು ಹತ್ತಡಿ ಮುಂದಕ್ಕೆ, ಬಿಸಿಲಿಗೆ ತರಬೇಕಾಯಿತು. ಮಾಲೀಕ ಒಳಗಿನಿಂದ ಬೇರೆ ಯಾರನ್ನೋ ಕೂಗಿದ. ಸಾಕ್ಷಿಯ ಸುದ್ದಿ ಅವನಿಗೂ ಮುಟ್ಟಿತ್ತು. ಮೆಕ್ಯಾನಿಕ್ ಒಬ್ಬ ಬಂದು ಏರಿ ಕೂತು, ಗೇರು ಕಿರುಗುಟ್ಟಿಸಿ, ಒಮ್ಮೆ ಇಂಜಿನ್ ಆಫ್ ಮಾಡಿಕೊಂಡು, ಹೇಗೋ ಹತ್ತಡಿ ತಂದು ನಿಲ್ಲಿಸಿದ. ಡ್ರೈವರ್ ಪೈಪು ಹಿಡಿದು ಪಕ್ಕಕ್ಕೆ ಸರಿದು ನಿಂತಿದ್ದ. ಅವನ ಬಲಗಾಲು ಮಾತ್ರ ನೆಲವನ್ನು ಒತ್ತುತ್ತಿತ್ತು.

ವಾಪಸು ಬರುವಾಗ ಮಾಮ ತಲೆ ತಗ್ಗಿಸಿಕೊಂಡು ನಡೆದರು. ನನಗೋ, ಇವತ್ತಾದರೂ ಇವರಿಗೆ ನಾಟಿತು ಎನ್ನಿಸಿತು. ತಿರುವಿನಲ್ಲಿ ನಿಂತು ಅವರು ನಿಟ್ಟುಸಿರು ಬಿಟ್ಟರು.

"ಎಷ್ಟು ಸೊರಗಿದಾನೆ ನೋಡಿದ್ರಾ," ಅಂದರು. "ಕುಡಿತ ಬಿಟ್ಟ ಮೊದಲ ವರ್ಷ ಎಲ್ಲರೂ ಹಾಗೇ."