ಒಂದೇ ಮನೆಯ ಎರಡು ಉತ್ತರ

"ಭತ್ತದ ಹುಲ್ಲು ನಾ ಸುಡಂಗಿಲ್ರಿ. ನಮ್ಮೂರಾಗ ಯಾರೂ ಸುಡಂಗಿಲ್ಲ," ಎಂದು ಹುಣಸಗಿ ಹತ್ತಿರದ ಹಳ್ಳಿಯೊಂದರ ರೈತ ಸಂಗಪ್ಪ ಕಟ್ಟೆಯ ಮೇಲೆ ಕುಳಿತು ನನಗೆ ಹೇಳುತ್ತಿದ್ದರು. ಅಷ್ಟರಲ್ಲಿ ಅಡುಗೆಮನೆಯಿಂದ ಅವರ ಹೆಂಡತಿಯ ದನಿ ಕೇಳಿಸಿತು: "ಊರೆಲ್ಲಾ ಸುಡಾಕತ್ತೈತ್ರಿ. ನಾವೂ ಸುಡತೀವಿ, ಮತ್ತೇನ್ ಮಾಡೋದು?"

ಒಳಗೆ ಅವರನ್ನು ಮಾತಾಡಿಸುತ್ತಿದ್ದವಳು ಕೊಯ್ಲಾದ ಮೇಲೆ ಗದ್ದೆಯಲ್ಲೇ ಹುಲ್ಲು ಸುಡುವುದರ ಸಮೀಕ್ಷೆಗೆ ನನ್ನ ಜೊತೆ ಬಂದಿದ್ದ ಗೆಳತಿ. ಇಬ್ಬರ ಪ್ರಶ್ನೆಗಳೂ ಒಂದೇ. ಆದರೆ ನಾನು ಮೊದಲು "ನೀವು ಸುಡುತ್ತೀರಾ?" ಎಂದು ಕೇಳಿ, ಆಮೇಲೆ ಊರಿನವರ ಬಗ್ಗೆ ಕೇಳಿದ್ದೆ. ಗೆಳತಿ ಸುಮ್ಮನೆ ಮಾತು ಶುರುಮಾಡಲೆಂದು ಊರಿನ ಪ್ರಶ್ನೆಯನ್ನೇ ಮೊದಲು ಕೇಳಿದ್ದಳು.

ಸಂಗಪ್ಪ ನಾಚಿ ಜೋರಾಗಿ ನಕ್ಕುಬಿಟ್ಟರು. "ನೀವು ಮೊದಲ ನನ್ನ ಮ್ಯಾಲೇ ಬಂದ್ರಿ. ನಾ ಇಲ್ಲ ಅಂದಮ್ಯಾಲ ಊರಿನ ಮಾನಾನೂ ಕಾಯಬೇಕಲ್ರಿ!"

ನಾನು ಅದುವರೆಗೆ ಸುತ್ತಿದ ಹಳ್ಳಿಗಳಲ್ಲೆಲ್ಲ ಯಾರೂ ಸುಡುವುದಿಲ್ಲವೆಂದೇ ನಂಬಿ ಬರೆದುಕೊಂಡಿದ್ದೆ. ಸುರಪುರದ ಬಸ್ಸು ಹತ್ತುವಷ್ಟರಲ್ಲಿ, ಕ್ರಮ ಬದಲಾದರೆ ಉತ್ತರವೂ ಬದಲಾಗುತ್ತದೆಯೇ ಎಂದು ನೋಡಲು, ಅರ್ಧ ಮನೆಗಳಲ್ಲಿ ಪ್ರಶ್ನೆಗಳನ್ನು ಹಿಂದುಮುಂದು ಮಾಡಿ ಎಲ್ಲ ಊರುಗಳಲ್ಲೂ ಮತ್ತೆ ಕೇಳುವುದೆಂದು ಇಬ್ಬರೂ ತೀರ್ಮಾನಿಸಿದ್ದೆವು.

ಈಗ ಯಾವ ಮನೆಯ ಮುಂದೆ ನಿಂತರೂ, ಮೊದಲ ಪ್ರಶ್ನೆ ಬಾಯಿಗೆ ಬರುವ ಮುನ್ನ ಈ ಮನೆಯಲ್ಲಿ ಯಾವುದನ್ನು ಮೊದಲು ಕೇಳಬೇಕೆಂದು ಪಟ್ಟಿಯಲ್ಲಿ ಇನ್ನೊಮ್ಮೆ ನೋಡಿಕೊಳ್ಳುತ್ತೇನೆ.