ಗಿರಿಜಕ್ಕನ ಅಟ್ಟ ಸೇರಿದ ಕ್ಯಾಸೆಟ್ಟು

ಕಾಪುವಿಗೆ ಬಂದ ಮೊದಲ ಮಳೆಗಾಲದಲ್ಲಿ ನನ್ನ ಕರಿ ಚರ್ಮದ ಜಾಕೆಟ್ಟಿಗೆ ಬಿಳಿ ಕೂದಲು ಹುಟ್ಟಿತು. ಮುಟ್ಟಿದರೆ ಬೆಕ್ಕಿನ ಮರಿಯಷ್ಟು ಮೆತ್ತಗಿತ್ತು. ಅದು ಬೂಸ್ಟು ಎಂದು ತಿಳಿಯಲು ನನಗೆ ಸ್ವಲ್ಪ ಹೊತ್ತೇ ಹಿಡಿಯಿತು. ಹುಬ್ಬಳ್ಳಿಯಲ್ಲಿ ನಾವು ಕಟಕ್ ರೊಟ್ಟಿಯನ್ನು ತಿಂಗಳುಗಟ್ಟಲೆ ಇಟ್ಟು ತಿನ್ನುವವರು. ಇಲ್ಲಿ ನಿನ್ನೆಯ ಹಪ್ಪಳವೂ ಬೆಳಿಗ್ಗೆ ಬಟ್ಟೆಯಂತೆ ಮಡಚಿಕೊಳ್ಳುತ್ತದೆ.

ಮಣಿಪಾಲದ ಪ್ರಯೋಗಾಲಯವೊಂದರಲ್ಲಿ ಕೆಲಸ ಸಿಕ್ಕಾಗ, ಸಮುದ್ರದ ಆಸೆಗೆ ಬಿದ್ದು ಕಾಪುವಿನಲ್ಲಿ ಮನೆ ಹಿಡಿದೆ. ಮನೆಯೊಡತಿ ಗಿರಿಜಕ್ಕ ಮೀನು ಮಾರುವವರು. ಅವರ ಮನೆಮಂದಿಯ ತುಳು ನನ್ನ ತಲೆಯ ಮೇಲಿಂದ ಹಾರಿಹೋಗುತ್ತಿತ್ತು. ಸಂಜೆಗಳು ಬಹಳ ಉದ್ದವಾಗಿದ್ದವು. ಆಗ ಹಳೆಯ ಟೇಪ್ ರೆಕಾರ್ಡರಿನಲ್ಲಿ ಹೆವಿ ಮೆಟಲ್ ಹಾಕಿಕೊಂಡು ಮಳೆ ನೋಡುತ್ತ ಕೂರುತ್ತಿದ್ದೆ.

ಆ ಸಂಗೀತ ಮೆರೆದ ಕಾಲದಲ್ಲಿ ನನ್ನ ತಮ್ಮ ರವಿಯೂ ನಾನೂ ಅದರ ಹುಚ್ಚು ಹತ್ತಿಸಿಕೊಂಡವರು. ಉರಿಬಿಸಿಲಿನಲ್ಲೂ ಕರಿ ಅಂಗಿ. ಕ್ಯಾಸೆಟ್ಟಿನಿಂದ ಕ್ಯಾಸೆಟ್ಟಿಗೆ ಇಳಿಸಿಕೊಂಡ ಹಾಡುಗಳು. ಹಾಡಿದವರ ಮುಖ ಹೇಗಿದೆಯೋ ಯಾರು ಕಂಡಿದ್ದರು? ಹಾಡುವವನ ಕಿರುಚಾಟ ಕೇಳಿ, ಆ ಹುಡುಗನಿಗೆ ಹಲ್ಲುನೋವೇನು ಎಂದು ಅವ್ವ ಕೇಳುತ್ತಿದ್ದಳು. ರವಿ ಗೆಳೆಯರ ಜೊತೆ ಹತ್ತಿಯ ಗೋದಾಮಿನಲ್ಲಿ ಡ್ರಮ್ಸ್ ಬಾರಿಸುತ್ತಿದ್ದ. ಅವನು ತೀರಿಕೊಂಡು ವರ್ಷಗಳೇ ಆದವು. ಅವನ ಕೈಯ ಸದ್ದು ಉಳಿದಿರುವುದು ಒಂದೇ ಕ್ಯಾಸೆಟ್ಟಿನಲ್ಲಿ. ಫೋನಿಗೆ ಇಳಿಸಿಕೋ ಎಂದು ಎಲ್ಲರೂ ಹೇಳುತ್ತಿದ್ದರು, ನಾನು ನಾಳೆ ನಾಳೆ ಎನ್ನುತ್ತಿದ್ದೆ.

ಜಾಕೆಟ್ಟಿನ ಬೂಸ್ಟು ಕ್ಯಾಸೆಟ್ಟುಗಳಿಗೂ ಹತ್ತಿತು. ಒರೆಸಿ ಜಗಲಿಯಲ್ಲಿ ಹರವಿ ಕೆಲಸಕ್ಕೆ ಹೋದೆ. ಬಂದು ನೋಡಿದರೆ ಒಂದೂ ಇಲ್ಲ. ಮಳೆಗಾಲದಲ್ಲಿ ಕೆಡಬಾರದ್ದೆಲ್ಲ ಗಿರಿಜಕ್ಕನ ಒಲೆಯ ಮೇಲಿನ ಅಟ್ಟ ಸೇರಬೇಕು. ಮೆಣಸು, ಹಪ್ಪಳ, ತುಳುವಿನಲ್ಲಿ ನುಂಗೆಲ್ ಎನ್ನುವ ಒಣಮೀನು, ಅವುಗಳ ನಡುವೆ ನನ್ನ ತಮ್ಮ!

ರವಿಯ ಕ್ಯಾಸೆಟ್ಟನ್ನು ಅಟ್ಟದಿಂದ ಇಳಿಸಿಕೊಂಡು ಬಂದೆ. ಡಬ್ಬಿ ಹೊಗೆಯ ಬಿಸಿಗೆ ತುಸು ಸೊಟ್ಟಗಾಗಿತ್ತು. ಗುಂಡಿ ಒತ್ತಿದೆ. ಹಾಡುವವನ ದನಿ ನಿದ್ದೆಯಲ್ಲಿ ಕನವರಿಸುವಂತೆ ಎಳೆದುಕೊಂಡಿತು. ಅದರ ಕೆಳಗಿನಿಂದ ರವಿ ಬಂದ, ನಿಧಾನವಾಗಿ, ಒಂದೂ ಪೆಟ್ಟು ತಪ್ಪದೆ. ನಾನು ಅತ್ತೆ.

ಬಾಗಿಲಲ್ಲಿ ನಿಂತಿದ್ದ ಗಿರಿಜಕ್ಕ ಮೆಲ್ಲನೆ ಕೇಳಿದರು: "ಬಡಿಯುವುದು ಯಾರು?"

"ನನ್ನ ತಮ್ಮ. ಈಗಿಲ್ಲ."

ಅವರು ಹಾಡು ಮುಗಿಯುವವರೆಗೂ ಕದಲಲಿಲ್ಲ. "ಅಷ್ಟಮಿಯ ಹುಲಿಗಳಿಗೆ ಇಂಥವನೇ ಆಗಬೇಕಿತ್ತು ಮಾರಾಯ್ತಿ," ಎಂದರು.

ಅಷ್ಟಮಿಗೆ ಅವರೇ ನನ್ನನ್ನು ಉಡುಪಿಗೆ ಕರೆದೊಯ್ದರು. ಹುಲಿವೇಷ ಕುಣಿಸುವ ತಾಸೆಯ ಪೆಟ್ಟು ಎದೆಗೆ ಬಿದ್ದಾಗ, ಹಿಂದೆ ಗೋದಾಮಿನಲ್ಲಿ ರವಿಯ ಪೆಟ್ಟಿಗೆ ಕುಣಿಯುತ್ತಿದ್ದ ಹಾಗೆಯೇ ನನ್ನ ನರೆತ ತಲೆ ತಾನಾಗಿ ಕುಣಿಯಿತು. ಯಾರೂ ನಗಲಿಲ್ಲ. ಪಕ್ಕದಲ್ಲಿ ಗಿರಿಜಕ್ಕನ ತಲೆಯೂ ಕುಣಿಯುತ್ತಿತ್ತು.

ದೀಪಾವಳಿಗೆ ಹುಬ್ಬಳ್ಳಿಗೆ ಹೋದಾಗ ರವಿಯ ಗೆಳೆಯರು ಕೂತು ಆ ಕ್ಯಾಸೆಟ್ಟನ್ನು ಕೇಳಿದರು. ಒಬ್ಬ ಕಣ್ಣೊರೆಸಿಕೊಂಡು ಹಾಡನ್ನು ಫೋನಿಗೆ ಇಳಿಸಿಕೊಟ್ಟ. ಡಬ್ಬಿ ಮೂಸಿ ಮುಖ ಕಿವುಚಿದ.

"ಇದಕ್ಕ ಮೀನ ನಾತ ಹತ್ತೇತಲ್ಲ ಅಕ್ಕಾ. ಹಾಡು ಫೋನಿಗೆ ಬಂತಲ್ಲ, ಇನ್ನ ಇದನ್ನ ಒಗದುಬಿಡು."

ನಾನು ಡಬ್ಬಿಯನ್ನು ಅವನ ಕೈಯಿಂದ ಕಿತ್ತುಕೊಂಡೆ. ಆ ರಾತ್ರಿ ಹುಟ್ಟಿದ ಮನೆಯಲ್ಲಿ ನಿದ್ದೆ ಬರಲಿಲ್ಲ. ಡಬ್ಬಿಯನ್ನು ಮೂಗಿನ ಹತ್ತಿರ ಇಟ್ಟುಕೊಂಡ ಮೇಲೆ ಬಂತು.